ನಿಮಗಿದು ಗೊತ್ತೇ? ಘಾಟಿ ಇಳಿಯುವ ಮುನ್ನ ಒಂದು ಇಸಿಜಿ

ರೈಲು ಹಳಿಯೇ ಇಲ್ಲದ ಜಿಲ್ಲೆ ಕೊಡಗು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಮಂಗಳೂರಿಗೆ ಸುಮಾರು 140. ಹೃದಯದ ವಿಚಾರಕ್ಕೆ ಬಂದರೆ ಇಲ್ಲಿ ಲೆಕ್ಕ ಹಾಕಬೇಕಾದ್ದು ಕಿಲೋಮೀಟರನ್ನಲ್ಲ, ನಿಮಿಷವನ್ನು. ಎದೆನೋವು ಬಂದರೆ ಮೊದಲು ಎಲ್ಲಿಗೆ ಓಡಬೇಕು, ನಾವು ಹೋದ ಮೇಲೆ ನಮ್ಮ ಅಂಗಾಂಗ ಏನಾಗಬೇಕು ಎಂಬ ಎರಡು ಪ್ರಶ್ನೆಗೂ ಉತ್ತರ ಗಟ್ಟಿಮುಟ್ಟಾಗಿರುವಾಗಲೇ ಸಿದ್ಧವಿರಬೇಕು. ಅದಕ್ಕೆ ಒದಗುವ ಒಂದಿಷ್ಟು ಸಂಗತಿಗಳು ಇಲ್ಲಿವೆ.

ಮೊದಲು ಗಡಿಯಾರ ನೋಡಿ

■ ಮಡಿಕೇರಿಯಲ್ಲಿ ಹುಟ್ಟಿ, 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯ ಶತ್ರುವಿನ ಗುಂಡಿಗೆ ಬಲಿಯಾದವರಲ್ಲ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಮುನ್ನಡೆಸುತ್ತಿದ್ದಾಗ, 1965ರ ಡಿಸೆಂಬರ್ 18ರಂದು, ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 59 ವರ್ಷ. ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು. ಅವರು ಹುಟ್ಟಿದ ‘ಸನ್ನಿಸೈಡ್’ ಮನೆ ಈಗ ಮಡಿಕೇರಿಯಲ್ಲಿ ವಸ್ತುಸಂಗ್ರಹಾಲಯ.

■ ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ತೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ಕಸ ಸಿಕ್ಕಿ ಒಂದು ಪಟ್ಟಿಗೆ ನೀರು ಹೋಗದಿದ್ದರೆ ಅದು ಆಘಾತ. ಮೋಟರೇ ಟ್ರಿಪ್ ಆದರೆ ಅದು ಸ್ತಂಭನ. ಮೊದಲನೆಯದರಲ್ಲಿ ರೋಗಿ ಸಾಮಾನ್ಯವಾಗಿ ಮಾತಾಡುತ್ತಾ ಇರುತ್ತಾನೆ. ಎರಡನೆಯದರಲ್ಲಿ ಕುಸಿದು ಬೀಳುತ್ತಾನೆ, ಉಸಿರು ನಿಲ್ಲುತ್ತದೆ. ಮೊದಲನೆಯದನ್ನು ಕಡೆಗಣಿಸಿದರೆ ಅದು ಎರಡನೆಯದಕ್ಕೆ ತಿರುಗಬಹುದು.

■ ವೈದ್ಯಲೋಕದಲ್ಲಿ 120 ನಿಮಿಷದ ಒಂದು ಲೆಕ್ಕವಿದೆ. ದೊಡ್ಡ ಹೃದಯಾಘಾತ ಎಂದು ಇಸಿಜಿಯಲ್ಲಿ ಕಂಡ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿದ್ದರೆ ಅದೇ ಉತ್ತಮ. ಆಗದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು, ಪ್ರಯಾಣ ಆಮೇಲೆ. ಮಡಿಕೇರಿಯಿಂದ ಮೈಸೂರಿಗೆ ಎರಡು ಗಂಟೆಯಲ್ಲಿ ಮುಟ್ಟುವುದೇ ಕಷ್ಟ. ಕುಟ್ಟ, ಕರಿಕೆ, ಭಾಗಮಂಡಲದ ಮಾತಂತೂ ದೂರ. ಆದ್ದರಿಂದ ಎದೆ ಹಿಡಿದುಕೊಂಡವರನ್ನು ನೇರ ಮೈಸೂರಿಗೆ ಓಡಿಸದೆ, ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇಸಿಜಿ ಮಾಡಿಸುವುದೇ ಜಾಣತನ.

■ ಈ ಇಂಜೆಕ್ಷನ್‌ನ ಒಂದು ಬಗೆ ಟೆನೆಕ್ಟೆಪ್ಲೇಸ್. ಹೊರಗೆ ಕೊಂಡರೆ ಮೂವತ್ತು ಸಾವಿರ ರೂಪಾಯಿ ಆಸುಪಾಸು. ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಇಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಸಲಹೆ ಕೊಡುತ್ತಾರೆ.

■ ಹೆಪ್ಪು ಕರಗಿಸುವ ಮದ್ದಿಗೆ ನೋವು ಶುರುವಾದಾಗಿನಿಂದ ಹನ್ನೆರಡು ಗಂಟೆಯ ಅವಧಿ ಉಂಟು. ಹಾಗೆಂದು ಹನ್ನೊಂದನೇ ಗಂಟೆಗೆ ಹೋದರೂ ನಡೆದೀತು ಎಂದಲ್ಲ. ಮೊದಲ ಎರಡು–ಮೂರು ಗಂಟೆಯಲ್ಲಿ ಕೊಟ್ಟ ಮದ್ದು ಉಳಿಸುವಷ್ಟು ಹೃದಯದ ಸ್ನಾಯುವನ್ನು ಆಮೇಲೆ ಕೊಟ್ಟದ್ದು ಉಳಿಸದು. ‘ನೋವು ಎಷ್ಟು ಹೊತ್ತಿಗೆ ಶುರುವಾಯಿತು?’ ಎಂದು ವೈದ್ಯರು ಮೊದಲು ಕೇಳುವುದು ಅದಕ್ಕೇ.

■ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗಿದವರ ಕಥೆ ಪ್ರತಿ ಊರಿನಲ್ಲೂ ಇದೆ. ಎದೆ ಬಿಗಿತ, ದವಡೆ, ಭುಜ ಅಥವಾ ಎಡಗೈಗೆ ಹರಿಯುವ ನೋವು, ತಣ್ಣನೆ ಬೆವರು, ಏದುಸಿರು ಕಾಣಿಸಿದರೆ ವಾಯು ಎಂದು ತೀರ್ಮಾನಿಸುವ ಕೆಲಸ ನಮ್ಮದಲ್ಲ, ಇಸಿಜಿಯದ್ದು. ಮೊದಲ ಇಸಿಜಿ ಸರಿಯಿದ್ದರೂ ನೋವು ನಿಲ್ಲದಿದ್ದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ.

■ ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗುವುದುಂಟು. ವಿಪರೀತ ಸುಸ್ತು, ವಾಕರಿಕೆ, ಬೆನ್ನುನೋವು, ಉಸಿರು ಸಿಗದಂತಾಗುವುದು ಇಷ್ಟೇ ಲಕ್ಷಣ. ‘ಅಡುಗೆ ಮುಗಿಸಿ ಸ್ವಲ್ಪ ಮಲಗುತ್ತೇನೆ’ ಎನ್ನುವ ಅಮ್ಮಂದಿರ ಮೇಲೆ ಒಂದು ಕಣ್ಣಿರಲಿ.

■ 108 ಆರೋಗ್ಯ ಕವಚ ಆಂಬುಲೆನ್ಸ್ ಕರ್ನಾಟಕದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಎದೆನೋವಿರುವಾಗ ಅದನ್ನು ಕರೆಯದೆ ತಾನೇ ಜೀಪು ಓಡಿಸಿಕೊಂಡು ಘಾಟಿ ತಿರುವು ಇಳಿಯುವುದು ಧೈರ್ಯವಲ್ಲ. ದಾರಿಯಲ್ಲಿ ಎಚ್ಚರ ತಪ್ಪಿದರೆ ಎದುರಿನ ವಾಹನದವರಿಗೂ ಅಪಾಯ.

■ ಆಸ್ಪಿರಿನ್ 300 ಮಿ.ಗ್ರಾಂ. ಮಾತ್ರೆಯನ್ನು ಇಂಥ ಹೊತ್ತಿನಲ್ಲಿ ನುಂಗುವುದಲ್ಲ, ಅಗಿಯುವುದು; ಬೇಗ ರಕ್ತಕ್ಕೆ ಸೇರುತ್ತದೆ. ಆದರೆ ಫೋನಿನಲ್ಲಾದರೂ ವೈದ್ಯರನ್ನು ಕೇಳಿಯೇ ಕೊಡಿ. ಅಲರ್ಜಿ, ಹೊಟ್ಟೆ ಹುಣ್ಣು, ರಕ್ತಸ್ರಾವ ಇದ್ದವರಿಗೆ ಅದು ಹಾನಿ ಮಾಡೀತು. ನೆರೆಮನೆಯವರ ನಾಲಿಗೆಯಡಿಯ ಮಾತ್ರೆಯನ್ನಂತೂ ಎರವಲು ತರಬೇಡಿ, ಬಿ.ಪಿ. ಒಮ್ಮೆಲೇ ಇಳಿದೀತು.

■ ಹೃದಯ ನಿಂತ ನಾಲ್ಕಾರು ನಿಮಿಷದಲ್ಲಿ ಮಿದುಳು ಕೆಡತೊಡಗುತ್ತದೆ. ಆಂಬುಲೆನ್ಸ್ ಬರುವ ತನಕ ಇರುವ ಮುಖ್ಯ ದಾರಿ ಸಿಪಿಆರ್. ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಐದು ಸೆಂಟಿಮೀಟರ್‌ಗೆ ಕಡಿಮೆಯಾಗದಷ್ಟು ಆಳಕ್ಕೆ ಒತ್ತಬೇಕು. ಪಕ್ಕೆಲುಬು ಮುರಿದೀತೆಂಬ ಹೆದರಿಕೆ ಬೇಡ. ಮುರಿದ ಮೂಳೆ ಕೂಡುತ್ತದೆ.

■ ‘ಒಬ್ಬರೇ ಇರುವಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮಿ’ ಎಂಬ ವಾಟ್ಸ್ಆ್ಯಪ್ ಸಲಹೆ ಸುಳ್ಳು. ಕೆಮ್ಮುವ ಹೊತ್ತಿನಲ್ಲಿ 108 ಒತ್ತಿ, ಬಾಗಿಲಿನ ಚಿಲಕ ತೆಗೆದಿಡಿ.

■ 2021ರ ಜೂನ್ 12ರಂದು ಯೂರೊ ಕಪ್ ಪಂದ್ಯದ ನಡುವೆ ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಕುಸಿದು ಬಿದ್ದರು. ಮೈದಾನದಲ್ಲೇ ಸಿಪಿಆರ್ ಕೊಟ್ಟು, ಎಇಡಿ ಯಂತ್ರದಿಂದ ಶಾಕ್ ನೀಡಿದ್ದರಿಂದ ಬದುಕಿದರು, ಮತ್ತೆ ಆಡಿದರು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳೊಂದಿಗೆ ಗಿನ್ನೆಸ್ ಸೇರಿತು. ಅಜ್ಜ, ಮೊಮ್ಮಗ ಒಟ್ಟಿಗೆ ಸ್ಟಿಕ್ ಹಿಡಿಯುವ ಅಂಥ ಮೈದಾನಕ್ಕೆ ಟ್ರೋಫಿಯಷ್ಟೇ ಮುಖ್ಯ ಒಂದು ಎಇಡಿ ಪೆಟ್ಟಿಗೆ.

■ 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು. ಬಿ.ಪಿ., ಸಕ್ಕರೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮಳೆಗಾಲಕ್ಕೆ ಅಕ್ಕಿ, ಸೌದೆ ಕೂಡಿಡುವಾಗ ತಿಂಗಳಿಗಾಗುವಷ್ಟು ಮಾತ್ರೆಯನ್ನೂ ಕೂಡಿಡುವುದು ಲೇಸು.

ಒಲೆ, ತೋಟ, ಮದುವೆ ಮನೆ

■ ಹಂದಿಮಾಂಸದ ಪಂದಿ ಕರಿಗೆ ಕಪ್ಪು ಬಣ್ಣ, ಹುಳಿ ರುಚಿ ಕೊಡುವ, ಹಣ್ಣಿನ ರಸದಿಂದ ಮಾಡುವ ಕಾಚಂಪುಳಿ ಕೊಬ್ಬನ್ನು ‘ಕರಗಿಸುತ್ತದೆ’ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಅದೇ ಜಾತಿಯ ಹಣ್ಣಿನ ಸತ್ವವನ್ನು ತೂಕ ಇಳಿಸುವ ಮಾತ್ರೆಯಾಗಿ ‘ಗಾರ್ಸೀನಿಯಾ’ ಹೆಸರಿನಲ್ಲಿ ಮಾರುತ್ತಾರೆ. ಅದನ್ನು ನುಂಗಿ ಲಿವರ್ ಕೆಡಿಸಿಕೊಂಡವರ ವರದಿಗಳಿವೆ. ಅಡುಗೆಗೆ ಒಂದು ಚಮಚ ಹಾಕುವುದರಿಂದ ತೊಂದರೆಯಿಲ್ಲ. ಬೇಕಾದ್ದು ಪಂದಿಯ ಕೊಬ್ಬಿನ ತುಂಡು ಕಡಿಮೆ ಮಾಡಿ, ಪಕ್ಕಕ್ಕೆ ಸೊಪ್ಪು, ತರಕಾರಿ ಸೇರಿಸುವುದು.

■ ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯವರಿಗೆ ಸಮಾಧಾನದ ಸುದ್ದಿ: ದಿನಕ್ಕೆ ಮೂರು ಲೋಟ ಕಾಫಿ ಹೆಚ್ಚಿನವರ ಹೃದಯಕ್ಕೆ ಕೆಡುಕು ಮಾಡದು. ಆದರೆ ಪುಡಿ ಹಾಕಿ ಕುದಿಸಿ, ಸೋಸದೆ ಕುಡಿದರೆ ಅದರಲ್ಲಿರುವ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಕೊಲೆಸ್ಟ್ರಾಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ಹಿಡಿದಿಡುತ್ತದೆ. ಬೆಲ್ಲದ ಕಾಫಿಯ ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ.

■ ವಾರವಿಡೀ ಮುಟ್ಟದೆ, ರಜೆಯಲ್ಲಿ ಒಮ್ಮೆಲೇ ಕುಡಿದವರ ಹೃದಯಬಡಿತ ತಾಳ ತಪ್ಪುವುದನ್ನು 1978ರಲ್ಲಿ ಅಮೆರಿಕದ ವೈದ್ಯರು ಗುರುತಿಸಿ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟರು. ನಮ್ಮಲ್ಲಿ ಅದಕ್ಕೆ ಮದುವೆ ಸೀಸನ್ ಸಾಕು. ‘ಚಳಿಗೆ ಒಂದು ಪೆಗ್’ ಎಂಬುದೂ ಮೋಸವೇ: ಚರ್ಮ ಬೆಚ್ಚಗಾಗುತ್ತದೆ, ಮೈಯೊಳಗಿನ ಶಾಖ ಹೊರಟುಹೋಗುತ್ತದೆ.

■ ತೋಟದ ಕಾರ್ಮಿಕರ ಲೈನ್ ಮನೆಯ ಸೌದೆ ಒಲೆ ಊದುವವರ ಕಣ್ಣು, ಶ್ವಾಸಕೋಶ ಮಾತ್ರವಲ್ಲ, ಹೃದಯಕ್ಕೂ ಹೊಗೆ ತಟ್ಟುತ್ತದೆ. ಹೊಗೆಯ ಅತಿಸಣ್ಣ ಕಣಗಳು ರಕ್ತನಾಳದ ಒಳಗೋಡೆಯನ್ನು ಕೆರಳಿಸುತ್ತವೆ. ಕಿಟಕಿಯಿಲ್ಲದ ಕೋಣೆಯಲ್ಲಿ ಹಸಿ ಸೌದೆ ಉರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಒಣ ಸೌದೆ, ಹೊಗೆಕೊಳವೆ, ಸಾಧ್ಯವಾದರೆ ಗ್ಯಾಸ್ ಕೊಡಿಸುವುದು ತೋಟದ ಮಾಲೀಕರು ಕೈಗೊಳ್ಳಬಹುದಾದ ಹೃದಯ ಚಿಕಿತ್ಸೆ.

■ ಬೀಡಿ, ಸಿಗರೇಟು ಬಿಟ್ಟ ಒಂದು ವರ್ಷದೊಳಗೆ ಹೃದಯ ಕಾಯಿಲೆಯ ಅಪಾಯ ಸೇದುವವರಿಗಿಂತ ಅರ್ಧದಷ್ಟಕ್ಕೆ ಇಳಿಯುತ್ತದೆ. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪಿಗೂ ರಿಯಾಯಿತಿ ಇಲ್ಲ. ಹೊಗೆ ಬರದಿದ್ದರೂ ನಿಕೋಟಿನ್ ನಿಕೋಟಿನ್ನೇ.

■ ಮಕ್ಕಳ ಗಂಟಲುನೋವು ಹೃದಯದ ಕವಾಟ ಕೆಡಿಸಬಲ್ಲದು. ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಸರಿಯಾದ ಮದ್ದು ಸಿಗದಿದ್ದರೆ ಕೆಲವು ಮಕ್ಕಳಿಗೆ ಕೀಲುನೋವಿನ ಜ್ವರ, ಆಮೇಲೆ ಕವಾಟದ ತೊಂದರೆ. ಇಕ್ಕಟ್ಟಿನ ಮನೆಗಳಲ್ಲಿ ಇದು ಹೆಚ್ಚು. ಒಮ್ಮೆ ಬಂದವರಿಗೆ ಮೂರು ವಾರಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ಬೇಕಾಗುತ್ತದೆ. ಕೆಲಸ ಹುಡುಕಿ ತೋಟದಿಂದ ತೋಟಕ್ಕೆ ಹೋಗುವ ಕುಟುಂಬಗಳಲ್ಲಿ ಇದು ತಪ್ಪಿಹೋಗದಂತೆ ನೋಡಿಕೊಳ್ಳಬೇಕು.

■ ಹುಟ್ಟುವ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಹೃದಯದಲ್ಲಿ ಏನಾದರೊಂದು ದೋಷವಿರುತ್ತದೆ. ಹಾಲು ಕುಡಿಯುವಾಗ ಬೆವರುವುದು, ತುಟಿ ನೀಲಿಗಟ್ಟುವುದು, ತೂಕ ಏರದಿರುವುದು ಸುಳಿವು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬಂದು ಇದನ್ನೇ ಹುಡುಕುತ್ತದೆ. ಶಸ್ತ್ರಚಿಕಿತ್ಸೆಗೂ ನೆರವು ಸಿಗುತ್ತದೆ.

■ ಬಿ.ಪಿ.ಗೆ ಜಗತ್ತು ಬಳಸಿದ ಮೊದಲ ಪರಿಣಾಮಕಾರಿ ಮದ್ದುಗಳಲ್ಲೊಂದು ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ ಬಂದದ್ದು. ಮುಂಬೈನ ಡಾ. ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಲೇಖನದಿಂದ ಅದು ಲೋಕಕ್ಕೆ ತಿಳಿಯಿತು. ಹಾಗೆಂದು ಕಾಡಿನ ಬೇರನ್ನು ಕಿತ್ತು ತೇಯ್ದು ಕುಡಿಯುವಂತಿಲ್ಲ. ಪ್ರಮಾಣ ತಪ್ಪಿದರೆ ಅದು ಮನಸ್ಸನ್ನೇ ಮಂಕಾಗಿಸುತ್ತದೆ.

■ 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು, ಬಿ.ಪಿ. ಇರುವವರು 31 ಕೋಟಿಗೂ ಹೆಚ್ಚು. ಎರಡೂ ನೋವು ಕೊಡದ ಕಾಯಿಲೆಗಳಾದ್ದರಿಂದ ಪರೀಕ್ಷೆಯಿಲ್ಲದೆ ಗೊತ್ತಾಗದು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಉಚಿತ.

■ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು, ಅಂದರೆ ಒಂದು ಟೀ ಚಮಚದಷ್ಟು. ಉಪ್ಪಿನಕಾಯಿ, ಒಣಮೀನು, ಹಪ್ಪಳ ಎಲ್ಲ ಈ ಚಮಚದೊಳಗೇ.

■ ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು. ಕಾಫಿ ಕೊಯ್ಯುವವರಿಗೆ ಇದು ಒಂದೇ ದಿನದ ಕೆಲಸ. ಜೀಪಿನಲ್ಲೇ ತೋಟ ಸುತ್ತುವವರಿಗೆ ಮಾತ್ರ ಹೇಳಬೇಕಾದ ಮಾತಿದು.

■ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಎರಡು ಮಾತು ಹೇಳಿತು. ಮೊದಲ ಹೃದಯಾಘಾತಗಳಲ್ಲಿ ಸುಮಾರು ನೂರಕ್ಕೆ 90ರ ಹಿಂದೆ ಇರುವುದು ತಂಬಾಕು, ಕೊಲೆಸ್ಟ್ರಾಲ್, ಬಿ.ಪಿ., ಸಕ್ಕರೆ, ಹೊಟ್ಟೆಯ ಬೊಜ್ಜು ಮುಂತಾದ ಒಂಬತ್ತೇ ಕಾರಣ. ಮತ್ತೆ, ದಕ್ಷಿಣ ಏಷ್ಯಾದವರಿಗೆ ಅದು ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ.

■ 2025ರ ಮೇ–ಜೂನ್‌ನಲ್ಲಿ ನೆರೆಯ ಹಾಸನದಲ್ಲಿ ಹಠಾತ್ ಸಾವುಗಳ ಸುದ್ದಿ ಸಾಲಾಗಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಜನ ಸಾಲುಗಟ್ಟಿದರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿದಾಗ ಕಂಡದ್ದು ಹೊಸ ರೋಗವಲ್ಲ, ಬಿ.ಪಿ., ಸಕ್ಕರೆ, ಧೂಮಪಾನ, ಮದ್ಯಪಾನಗಳಂಥ ಹಳೆಯ ಕಾರಣಗಳೇ.

ಎದೆಯೊಳಗಿನ ಬೆರಗು

■ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿದು, ಏಳು ಸಾವಿರ ಲೀಟರ್‌ನಷ್ಟು ರಕ್ತ ತಳ್ಳುತ್ತದೆ. ಅದರ ತೂಕ ಮಾತ್ರ 300 ಗ್ರಾಂ ಆಸುಪಾಸು.

■ 1929ರಲ್ಲಿ ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿನ ರಕ್ತನಾಳಕ್ಕೆ ನಳಿಕೆ ತೂರಿಸಿ, ಹೃದಯದವರೆಗೆ ತಳ್ಳಿ, ನಡೆದುಕೊಂಡೇ ಎಕ್ಸ್‌ರೇ ಕೋಣೆಗೆ ಹೋದ. ಅವತ್ತು ಬೈಸಿಕೊಂಡವನಿಗೆ 1956ರಲ್ಲಿ ನೊಬೆಲ್ ಬಂತು. ಇಂದಿನ ಆಂಜಿಯೋಗ್ರಾಂನ ಬೇರು ಅಲ್ಲಿದೆ.

■ ಲಕ್ಷದ ಮೇಲಿದ್ದ ಔಷಧ ಲೇಪಿತ ಸ್ಟೆಂಟ್‌ನ ಬೆಲೆಗೆ 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮೂವತ್ತು ಸಾವಿರದ ಒಳಗೆ ಮಿತಿ ಹಾಕಿತು. ಬಿಲ್‌ನಲ್ಲಿ ಸ್ಟೆಂಟ್‌ನ ದರವನ್ನು ಪ್ರತ್ಯೇಕವಾಗಿ ಕೇಳಿ ನೋಡುವ ಹಕ್ಕು ರೋಗಿಯದ್ದು.

■ ಪಂದಿ ಕರಿಯ ನಾಡಿಗೆ ಒಂದು ಸ್ವಾರಸ್ಯ: ಹಂದಿಯ ಹೃದಯದ ಕವಾಟಗಳನ್ನು ಮನುಷ್ಯರಿಗೆ ಜೋಡಿಸುವುದು ದಶಕಗಳ ಹಳೆಯ ವಿದ್ಯೆ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ತಳಿ ತಿದ್ದಿದ ಹಂದಿಯ ಇಡೀ ಹೃದಯವನ್ನೇ ಒಬ್ಬ ರೋಗಿಗೆ ಕಸಿ ಮಾಡಿದರು. ಅವರು ಎರಡು ತಿಂಗಳು ಬದುಕಿದ್ದರು.

ಒಂದು ಎದೆಯಿಂದ ಇನ್ನೊಂದಕ್ಕೆ

■ ಮನುಷ್ಯರ ನಡುವಿನ ಮೊದಲ ಹೃದಯ ಕಸಿ 1967ರ ಡಿಸೆಂಬರ್ 3ರಂದು, ಕೇಪ್‌ಟೌನ್‌ನಲ್ಲಿ, ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಕೈಯಿಂದ. ರೋಗಿ 18 ದಿನ ಬದುಕಿದ್ದರು. ಭಾರತದಲ್ಲಿ ಮೊದಲ ಯಶಸ್ವಿ ಕಸಿ ನಡೆದದ್ದು 1994ರ ಆಗಸ್ಟ್ 3ರಂದು, ದೆಹಲಿಯ ಏಮ್ಸ್‌ನಲ್ಲಿ, ಡಾ. ಪಿ. ವೇಣುಗೋಪಾಲ್ ಅವರಿಂದ. ಆ ರೋಗಿ ಒಂದು ದಶಕಕ್ಕೂ ಹೆಚ್ಚು ಕಾಲ ಬಾಳಿದರು. ಅಂಗಾಂಗ ಕಸಿ ಕಾಯ್ದೆ ಬಂದದ್ದೂ ಅದೇ ವರ್ಷ.

■ ಹೃದಯಕ್ಕೆ ಬಡಿಯಲು ಮಿದುಳಿನ ಅಪ್ಪಣೆ ಬೇಡ. ಬಡಿತ ಹುಟ್ಟಿಸುವ ಜೀವಕೋಶಗಳು ಅದರೊಳಗೇ ಇವೆ. ಆದ್ದರಿಂದಲೇ ಮಿದುಳು ಪೂರ್ತಿ ಸತ್ತ ಮೇಲೂ ವೆಂಟಿಲೇಟರ್ ಆಮ್ಲಜನಕ ಕೊಡುವಷ್ಟು ಹೊತ್ತು ಹೃದಯ ಬಡಿಯುತ್ತದೆ. ಮಾನಿಟರ್‌ನ ಗೆರೆ ನೋಡಿ ‘ಇನ್ನೂ ಜೀವ ಇದೆ’ ಎನ್ನುವ ಮನೆಯವರಿಗೆ ತಾಳ್ಮೆಯಿಂದ ತಿಳಿಸಬೇಕಾದ ಸತ್ಯವಿದು: ಕೋಮಾದಿಂದ ಎದ್ದವರುಂಟು, ಮಿದುಳು ಸಾವಿನಿಂದ ಎದ್ದವರಿಲ್ಲ.

■ ಮಿದುಳು ಸಾವನ್ನು ಒಬ್ಬ ವೈದ್ಯ ಘೋಷಿಸುವಂತಿಲ್ಲ. ನಾಲ್ವರು ವೈದ್ಯರ ತಂಡ, ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಸಹಿ ಹಾಕಬೇಕು. ಕಸಿ ಮಾಡುವ ವೈದ್ಯರಿಗೆ ಈ ತಂಡದಲ್ಲಿ ಜಾಗವಿಲ್ಲ.

■ ತೆಗೆದ ಹೃದಯ, ಶ್ವಾಸಕೋಶಕ್ಕೆ ನಾಲ್ಕರಿಂದ ಆರು ಗಂಟೆ ಆಯುಸ್ಸು. ಯಕೃತ್ತಿಗೆ ಸುಮಾರು ಹನ್ನೆರಡು, ಮೂತ್ರಪಿಂಡಕ್ಕೆ ಒಂದು ದಿನಕ್ಕೂ ಹೆಚ್ಚು. ಮಡಿಕೇರಿಯಿಂದ ಬೆಂಗಳೂರಿಗೆ ರಸ್ತೆಯಲ್ಲೇ ಐದಾರು ಗಂಟೆ ಹಿಡಿಯುವುದರಿಂದ ಕೊಡಗಿನ ಮೂತ್ರಪಿಂಡ ಆರಾಮಾಗಿ ತಲುಪೀತು, ಹೃದಯಕ್ಕೆ ಆಕಾಶಮಾರ್ಗವೇ ಬೇಕು.

■ ಗುಡ್ಡಗಾಡಿನ ಜಿಲ್ಲೆಯಿಂದ ಅದೂ ಸಾಧ್ಯ ಎಂದು ತೋರಿಸಿದ್ದು ಚಿಕ್ಕಮಗಳೂರು. 2022ರ ಸೆಪ್ಟೆಂಬರ್‌ನಲ್ಲಿ ಬಸ್ಸಿನಿಂದ ಬಿದ್ದು ಮಿದುಳು ನಿಷ್ಕ್ರಿಯವಾದ ಕಾಲೇಜು ವಿದ್ಯಾರ್ಥಿನಿಯ ಅಂಗಾಂಗಗಳನ್ನು ಅಲ್ಲಿನ ಜಿಲ್ಲಾಸ್ಪತ್ರೆಯಲ್ಲೇ ತೆಗೆದು, ಹೃದಯವನ್ನು ಹೆಲಿಕಾಪ್ಟರ್‌ನಲ್ಲಿ ಬೆಂಗಳೂರಿಗೆ ಒಯ್ದರು. ಮಗಳನ್ನು ಕಳೆದುಕೊಂಡ ಹೊತ್ತಿನಲ್ಲಿ ಒಪ್ಪಿಗೆ ಕೊಟ್ಟದ್ದು ಸಾಮಾನ್ಯ ದುಡಿಮೆಯ ಕುಟುಂಬ.

■ ಬೆಂಗಳೂರಿನಿಂದ ಚೆನ್ನೈಗೆ ವಿಮಾನದಲ್ಲಿ ಹೃದಯ ಹೋಗಿ, ದಾರಿಯುದ್ದಕ್ಕೂ ‘ಗ್ರೀನ್ ಕಾರಿಡಾರ್’ ಸುದ್ದಿಯಾದದ್ದು 2014ರ ಸೆಪ್ಟೆಂಬರ್ 3ರಂದು. ಕೊಡಗಿನಲ್ಲಿ ಅವತ್ತು ಕೈಲ್ ಪೊಳ್ದ್ ಹಬ್ಬ. 2025ರಲ್ಲಿ ನಮ್ಮ ಮೆಟ್ರೊ ರೈಲೂ ಯಕೃತ್ತು, ಹೃದಯ ಹೊತ್ತು ಓಡಿತು.

■ ಸೂರ್ಯ ಮುಳುಗಿದ ಮೇಲೆ ಮರಣೋತ್ತರ ಪರೀಕ್ಷೆ ಇಲ್ಲ ಎಂಬ ಹಳೆಯ ನಿಯಮ ಅಂಗಾಂಗ ದಾನಕ್ಕೆ ಅಡ್ಡಿಯಾಗಿತ್ತು. 2021ರ ನವೆಂಬರ್‌ನಲ್ಲಿ ಕೇಂದ್ರ ಅದನ್ನು ಸಡಿಲಿಸಿತು. ಸೌಕರ್ಯವಿರುವ ಆಸ್ಪತ್ರೆಯಲ್ಲಿ ಈಗ ರಾತ್ರಿಯೂ ಮಾಡಬಹುದು, ದಾನಿಯಿದ್ದರೆ ಆದ್ಯತೆ.

■ ಕಸಿಯಾದ ಹೃದಯಕ್ಕೆ ಹಳೆಯ ನರಗಳ ನಂಟಿರುವುದಿಲ್ಲ. ಹಾಗಾಗಿ ಸುಮ್ಮನೆ ಕೂತಾಗಲೂ ಅದು ನಿಮಿಷಕ್ಕೆ 90–110 ಬಾರಿ ಬಡಿಯುತ್ತದೆ. ಹೃದಯಾಘಾತವಾದರೂ ಎಷ್ಟೋ ಸಲ ನೋವೇ ಕಾಣದು.

■ 2023ರಲ್ಲಿ ದೇಶದಲ್ಲಿ ಮರಣಾನಂತರ ಅಂಗಾಂಗ ಕೊಟ್ಟವರು 1,099 ಮಂದಿ, ಕರ್ನಾಟಕದಲ್ಲಿ 178. ಇಡೀ ದೇಶದ ಲೆಕ್ಕ ಹತ್ತು ಲಕ್ಷ ಜನರಿಗೆ ಒಬ್ಬರನ್ನೂ ಮುಟ್ಟದು. ಸ್ಪೇನ್‌ನಲ್ಲಿ ಅದು 45ಕ್ಕಿಂತ ಹೆಚ್ಚು.

ಕಣ್ಣಿನ ಮಾತು

■ 1954ರ ‘ಬೇಡರ ಕಣ್ಣಪ್ಪ’ದಲ್ಲಿ ಶಿವನಿಗೆ ಕಣ್ಣು ಕಿತ್ತುಕೊಟ್ಟ ಕಣ್ಣಪ್ಪನಾಗಿ ನಾಯಕನಟನಾದ ಡಾ. ರಾಜ್‌ಕುಮಾರ್, 2006ರ ಏಪ್ರಿಲ್ 12ರಂದು ತೀರಿಕೊಂಡಾಗ ನಿಜವಾಗಿಯೂ ತಮ್ಮ ಕಣ್ಣು ಕೊಟ್ಟರು. ಅವರ ಹೆಸರಿನ ನೇತ್ರ ಬ್ಯಾಂಕ್ 1994ರಿಂದ ನಾರಾಯಣ ನೇತ್ರಾಲಯದಲ್ಲಿದೆ.

■ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೃದಯ ಕೈಕೊಟ್ಟು ಹೋದ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣು ನಾಲ್ವರಿಗೆ ಬೆಳಕಾದವು. ಪ್ರತಿ ಕಾರ್ನಿಯಾವನ್ನು ಮುಂದಿನ, ಹಿಂದಿನ ಪದರವಾಗಿ ಬಿಡಿಸಿ ಇಬ್ಬಿಬ್ಬರಿಗೆ ಜೋಡಿಸಿದ್ದರು. ಅದೇ ವರ್ಷ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬ ದಾನ ಮಾಡಿತ್ತು.

■ ಇವರಿಬ್ಬರ ನಡುವಿನ ವ್ಯತ್ಯಾಸ ಗಮನಿಸಿ. ಹೃದಯ ನಿಂತು ತೀರಿಕೊಂಡವರು ಕಣ್ಣು, ಚರ್ಮದಂಥ ಅಂಗಾಂಶ ಕೊಡಬಹುದು. ಹೃದಯ, ಯಕೃತ್ತು, ಮೂತ್ರಪಿಂಡಕ್ಕೆ ನಮ್ಮಲ್ಲಿ ಬಹುಪಾಲು ಆಧಾರ ಐಸಿಯುವಿನಲ್ಲಿ ಆದ ಮಿದುಳು ಸಾವು.

■ ಕೊಡವ ಮನೆಯಲ್ಲಿ ಸಾವಾದರೆ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸುವುದು ರೂಢಿ. ನೇತ್ರ ಬ್ಯಾಂಕಿಗೆ ಫೋನೂ ಅದೇ ಹೊತ್ತಿಗೆ ಹೋಗಲಿ, ಏಕೆಂದರೆ ಕಣ್ಣು ತೆಗೆಯಲು ಆರು ಗಂಟೆಯಷ್ಟೇ ಗಡುವು. ಅಷ್ಟರೊಳಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನ್ ಆರಿಸಿ, ತಲೆಯಡಿಗೆ ದಿಂಬು ಕೊಡಿ. ತೆಗೆಯಲು ಅರ್ಧ ಗಂಟೆಯೂ ಬೇಡ. ಮುಖ ವಿಕಾರವಾಗದು, ಅಂತಿಮ ದರ್ಶನಕ್ಕೆ ಅಡ್ಡಿಯಿಲ್ಲ.

■ ಕನ್ನಡಕ, ಸಕ್ಕರೆ ಕಾಯಿಲೆ, ಬಿ.ಪಿ., ಪೊರೆಯ ಶಸ್ತ್ರಚಿಕಿತ್ಸೆ ಯಾವುದೂ ನೇತ್ರದಾನಕ್ಕೆ ತಡೆಯಲ್ಲ. ರೇಬಿಸ್, ಎಚ್‌ಐವಿ, ಕಾಮಾಲೆ ತರುವ ಹೆಪಟೈಟಿಸ್ ಬಿ, ಸಿ ಸೋಂಕುಗಳಂಥವು ಇದ್ದರೆ ಬೇಡ ಎನ್ನುತ್ತಾರೆ.

ಹೆಸರು ಬರೆಸುವವರಿಗೆ

■ ಕರ್ನಾಟಕದಲ್ಲಿ ಈ ಕೆಲಸದ ಉಸ್ತುವಾರಿ ‘ಜೀವಸಾರ್ಥಕತೆ’ ಸಂಸ್ಥೆಯದ್ದು, 2007ರಲ್ಲಿ ಶುರುವಾದದ್ದು. ರಾಷ್ಟ್ರಮಟ್ಟದಲ್ಲಿ ನೋಟ್ಟೊ. 2023ರ ಸೆಪ್ಟೆಂಬರ್‌ನಿಂದ ಆಧಾರ್ ಮೂಲಕ ಮೊಬೈಲ್‌ನಲ್ಲೇ ಪ್ರತಿಜ್ಞೆ ದಾಖಲಿಸಬಹುದು. 18 ತುಂಬಿದವರು ಯಾರಾದರೂ ಆದೀತು. ಶುಲ್ಕವಿಲ್ಲ, ಮನಸ್ಸು ಬದಲಾದರೆ ಹಿಂದೆಗೆಯಬಹುದು. ಉಚಿತ ಸಹಾಯವಾಣಿ 1800 11 4770.

■ ‘ನನಗೆ ಹೃದಯ ಕಾಯಿಲೆ, ನನ್ನದನ್ನು ಯಾರು ತಗೊಳ್ತಾರೆ?’ ಎಂದು ಹಿಂಜರಿಯಬೇಡಿ. ಸ್ಟೆಂಟ್ ಹಾಕಿಸಿಕೊಂಡವರ ಯಕೃತ್ತು ಚೆನ್ನಾಗಿರಬಹುದು. ಯಾವುದು ಬಳಕೆಗೆ ಬರುತ್ತದೆ ಎಂಬುದನ್ನು ಆ ಹೊತ್ತಿನಲ್ಲಿ ವೈದ್ಯರು ನೋಡಿಕೊಳ್ಳುತ್ತಾರೆ. ಅಂಗಾಂಗ ಬೇಕಾದವರ ಕಡೆಯಿಂದಲೂ ಅಡ್ಡಿ ಕಡಿಮೆಯಾಗಿದೆ: ಮರಣಾನಂತರ ದಾನದ ಅಂಗಕ್ಕೆ ಹೆಸರು ಬರೆಸಲು ಇದ್ದ 65 ವರ್ಷದ ಮಿತಿಯನ್ನು 2023ರಲ್ಲಿ ತೆಗೆದುಹಾಕಿದರು.

■ ಅಂಗ ತೆಗೆದ ಮೇಲೆ ದೇಹವನ್ನು ಹೊಲಿದು, ಗೌರವದಿಂದ ಮನೆಗೆ ಒಪ್ಪಿಸುತ್ತಾರೆ. ಮಣ್ಣು ಮಾಡುವವರಿಗೂ, ಸುಡುವವರಿಗೂ ತಮ್ಮ ತಮ್ಮ ಪದ್ಧತಿಯಂತೆ ನಡೆಸಲು ಏನೂ ತೊಡಕಿಲ್ಲ. ತೆಗೆಯುವ ಖರ್ಚು ದಾನಿಯ ಕುಟುಂಬದ ಮೇಲೆ ಬೀಳದು. ಹಣ ಕೊಟ್ಟು ಅಥವಾ ಪಡೆದು ವ್ಯವಹರಿಸಿದರೆ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿವರೆಗೆ ದಂಡ.

■ ದೇಹದಾನ ಬೇರೆಯೇ ವಿಷಯ. ಅದು ವೈದ್ಯ ವಿದ್ಯಾರ್ಥಿಗಳ ಕಲಿಕೆಗೆ. ದೇಹ ಮನೆಗೆ ಮರಳುವುದಿಲ್ಲ. ಅದಕ್ಕೆ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಪ್ರತ್ಯೇಕ ನೋಂದಣಿ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ.

■ ಬದುಕಿರುವಾಗಲೇ ಕೊಡಬಹುದಾದ ಇನ್ನೊಂದು ದಾನ ರಕ್ತದ ಆಕರಕೋಶ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ರೋಗಿಗೆ ಒಡಹುಟ್ಟಿದವರಲ್ಲಿ ಹೊಂದಿಕೆ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಲ್ಲಿ ಸಿಗದಿದ್ದರೆ ಸ್ವಂತ ಜನಾಂಗದವರಲ್ಲೇ ಸಿಗುವ ಸಂಭವ ಹೆಚ್ಚು. ತಮ್ಮೊಳಗೇ ಮದುವೆಯಾಗುತ್ತ ಬಂದ ಸಣ್ಣ ಸಮುದಾಯಗಳಿಗೆ, ಕೊಡವರಿಗೂ ಅರೆಭಾಷೆ ಗೌಡರಿಗೂ, ಇದು ಬಹಳ ಮುಖ್ಯ. ದಾತ್ರಿ, ಡಿಕೆಎಂಎಸ್‌ನಂಥ ಸಂಸ್ಥೆಗಳಲ್ಲಿ ಕೆನ್ನೆಯೊಳಗೆ ಹತ್ತಿ ಕಡ್ಡಿ ಸವರಿ ಕೊಟ್ಟರೆ ನೋಂದಣಿ ಮುಗಿಯಿತು.

■ ಇಷ್ಟೆಲ್ಲ ಮಾಡಿದ ಮೇಲೂ ಕಾರ್ಡ್ ಒಂದೇ ಸಾಲದು. ನೀವು ಪ್ರತಿಜ್ಞೆ ಮಾಡಿದ್ದರೂ ಆ ಹೊತ್ತಿನಲ್ಲಿ ಆಸ್ಪತ್ರೆಯವರು ಕೇಳುವುದು ಮನೆಯವರ ಒಪ್ಪಿಗೆ. ಹೆಂಡತಿಗೆ ಗೊತ್ತಿದ್ದು ಅಣ್ಣನಿಗೆ ಗೊತ್ತಿಲ್ಲದಿದ್ದರೆ ಮಾತು ಅಲ್ಲೇ ನಿಲ್ಲುತ್ತದೆ. ಕೊಡವರ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಹಿರಿಯರ ಮಾತು ನಡೆಯುವ ಕಡೆ ಅದರ ಯಜಮಾನರಾದ ಪಟ್ಟೆದಾರರ ಕಿವಿಗೂ ಬಿದ್ದಿರಬೇಕು.

■ ವೇಣುಗೋಪಾಲ್ ಅವರ ಆ ಶಸ್ತ್ರಚಿಕಿತ್ಸೆಯ ನೆನಪಿಗೆ 2023ರಿಂದ ಆಗಸ್ಟ್ 3 ಭಾರತೀಯ ಅಂಗಾಂಗ ದಾನ ದಿನ. ಕೊಡಗಿಗೆ ಅದೇ ದಿನ ಕಕ್ಕಡ ಪದಿನೆಟ್ಟ್. ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧ ಸೇರುತ್ತದೆಂದು ನಂಬಿ, ನೇರಳೆ ಬಣ್ಣದ ಪಾಯಸ ಮಾಡಿ ಮನೆಮಂದಿಯೆಲ್ಲ ಉಣ್ಣುವ ದಿನ. ಮದ್ದುಪಾಯಸ ಬಿ.ಪಿ. ಮಾತ್ರೆಗೆ ಬದಲಿಯಲ್ಲ, ಮಾತ್ರೆ ನಿಲ್ಲಿಸಬೇಡಿ. ಆದರೆ ಎಲ್ಲರೂ ಒಟ್ಟಿಗೆ ಕೂತಿರುವ ಆ ಊಟದಲ್ಲೇ ಹತ್ತಿರದ ಇಸಿಜಿ ಎಲ್ಲಿದೆ ಎಂದು ಮಕ್ಕಳಿಗೆ ಹೇಳಿಕೊಡಿ, ನಿಮ್ಮ ಅಂಗಾಂಗದ ಬಗ್ಗೆ ನಿಮ್ಮ ಇಚ್ಛೆ ಏನೆಂದು ಹಿರಿಯರಿಗೆ ತಿಳಿಸಿ.